ಸೂಟಿಯಲ್ಲಿ ಮನಸ್ಸಿನ ಆರೈಕೆ

ಸೂಟಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಭಾಗದ ಗೃಹಸ್ಥರ ಕಣ್ಣ ಮುಂದೆ ನಿಲ್ಲುವ ಚಿತ್ರವು ಸಂತೋಷದ್ದು. ಸಾಲೆಯ ಗಂಟೆ ನಿಲ್ಲುವುದು. ಅಜ್ಜಿಯ ಮನೆಗೆ ಹೋಗಬೇಕೆಂದು ಮಕ್ಕಳು ಹಟ ಹಿಡಿಯುವರು. ಅಟ್ಟದ ಮೇಲಿನ ಹಾಸಿಗೆಗಳು ಕೆಳಗಿಳಿಯುವವು. ಆಪೂಸು ಮಾವು ಹುಲ್ಲಿನಲ್ಲಿ ಹಣ್ಣಾಗುವುದು. ಶಾವಿಗೆ ಹಪ್ಪಳಗಳು ಮಾಳಿಗೆಯ ಮೇಲೆ ಒಣಗುವವು. ಇಷ್ಟು ಸಂಭ್ರಮದ ನಡುವೆ ಹರೆಯದ ಹುಡುಗನೋ ಹುಡುಗಿಯೋ ಮೂಲೆಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರೆ, ‘ಪರೀಕ್ಷೆಯ ದಣಿವು, ಮಲಗಲಿ ಬಿಡಿರಿ’ ಎಂದು ಮುಂದೆ ಸಾಗುವುದು ವಾಡಿಕೆ. ಬಹುತೇಕ ಸಲ ಅದು ದಣಿವೇ ಆಗಿರುವುದು. ದಣಿವಲ್ಲದ ಸಂದರ್ಭವೂ ಉಂಟು. ಆಗ ಯಾರ ಬಾಗಿಲನ್ನು ತಟ್ಟಬೇಕು ಎಂಬುದು ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟು ಮನೆಗಳಲ್ಲಿ ತಿಳಿದಿದೆಯೋ, ಆ ಬಗ್ಗೆ ನಮಗೆ ಸಂದೇಹವಿದೆ. ಆದ ಕಾರಣ ಈ ನಾಲ್ಕು ಮಾತು.

ಸಾಲೆ ಕಾಲೇಜುಗಳು ನಡೆದಿರುವಾಗ ಹರೆಯದವರ ದಿನವು ಹಲವರ ಕಣ್ಣಿನಡಿಯಲ್ಲಿ ಸಾಗುವುದು. ಹಾಜರಿ ತೆಗೆದುಕೊಳ್ಳುವ ಮಾಸ್ತರರು, ಪಕ್ಕದಲ್ಲಿ ಕೂಡ್ರುವ ಗೆಳೆಯ, ಬಸ್ಸಿನಲ್ಲಿ ಜೊತೆಯಾಗುವ ಗೆಳತಿ, ವಸತಿಗೃಹದ ಮೇಲ್ವಿಚಾರಕರು, ಇವರಲ್ಲಿ ಯಾರಾದರೊಬ್ಬರು ‘ಯಾಕೋ, ಎರಡು ದಿನದಿಂದ ಮಾರಿ ಸಣ್ಣದಾಗೇದಲ್ಲ?’ ಎಂದು ಕೇಳಿಯೇ ಕೇಳುವರು. ಸೂಟಿ ಬಂತೆಂದರೆ ಈ ಕಣ್ಣುಗಳೆಲ್ಲ ಒಮ್ಮೆಲೇ ದೂರವಾಗುವವು. ಏಳುವ, ಉಣ್ಣುವ, ಮಲಗುವ ಹೊತ್ತುಗಳ ಕಟ್ಟು ಸಡಿಲುವುದು. ಒಳಗೊಳಗೇ ಬೇಯುತ್ತಿದ್ದವನಿಗೆ ಆ ಕಟ್ಟೇ ಊರುಗೋಲಾಗಿತ್ತೆಂಬುದು ಅದು ಕೈಬಿಟ್ಟ ಮೇಲೆ ತಿಳಿಯುವುದು. ಮೇಲಾಗಿ ಫಲಿತಾಂಶಗಳು ಹೊರಬೀಳುವುದೂ ಇದೇ ಕಾಲಕ್ಕೆ. ಮದುವೆ ಮುಂಜಿವೆಗಳಲ್ಲಿ ನೆಂಟರು ಕೂಡುವರು; ಕೂಡಿದವರು ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ‘ಎಷ್ಟು ಪರ್ಸೆಂಟೇಜು?’ ಎಂದು ಕೇಳುವರು. ಈ ಪ್ರಶ್ನೆಯನ್ನು ಕಾಯಿದೆಯಿಂದ ನಿಲ್ಲಿಸಲು ಬರುವಂತಿದ್ದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ನೆಲೆಸುತ್ತಿತ್ತು.

ನಮ್ಮ ಮನೆಯಲ್ಲಿ ಇಂಥದೊಂದು ಪ್ರಸಂಗವೊದಗಿದುದು ಕ್ರೋಧಿ ಸಂವತ್ಸರದ ಆರಂಭದಲ್ಲಿ, ಎಂದರೆ ೨೦೨೪ನೆಯ ಇಸವಿಯ ಏಪ್ರಿಲ್-ಮೇ ತಿಂಗಳುಗಳಲ್ಲಿ. ನವಲಗುಂದದ ಕಡೆಯ ಹಳ್ಳಿಯಲ್ಲಿರುವ ನಮ್ಮ ತಂಗಿಯ ಮಗನು ಪದವಿಪೂರ್ವ ವಿಜ್ಞಾನದ ಓದಿಗಾಗಿ ಎರಡು ವರ್ಷಗಳಿಂದ ಮಾಳಮಡ್ಡಿಯ ನಮ್ಮ ಮನೆಯಲ್ಲಿಯೇ ಇದ್ದನು. ಆ ವರ್ಷದ ಯುಗಾದಿ ಏಪ್ರಿಲ್ ೯ಕ್ಕೆ. ದ್ವಿತೀಯ ಪಿಯುಸಿ ಫಲಿತಾಂಶ ಮರುದಿನವೇ, ೧೦ಕ್ಕೆ. ಹುಡುಗನು ತೇರ್ಗಡೆಯಾದನು, ಪ್ರಥಮ ವರ್ಗವೂ ಬಂದಿತು. ಆದರೆ ತಾನು ಎಣಿಸಿದ್ದಷ್ಟು ಅಂಕಗಳು ಬರಲಿಲ್ಲವೆಂದು ಅವನು ಸುಮ್ಮನಾದನು. ವಾರ ಕಳೆದು ೧೮ ಮತ್ತು ೧೯ಕ್ಕೆ ಸಿಇಟಿ. ಆ ವರ್ಷದ ಸಿಇಟಿಯಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದುವೆಂದು ನಾಡಿನಲ್ಲೆಲ್ಲ ಗದ್ದಲವೆದ್ದುದು ವಾಚಕರಿಗೆ ನೆನಪಿರಬಹುದು. ಅದರ ಬೆನ್ನಿಗೆ ಮೇ ೫ಕ್ಕೆ ನೀಟ್. ಹೆಸರಿಗೆ ಸೂಟಿ, ಹುಡುಗನ ಪಾಲಿಗೆ ಅದು ಒಂದರ ಮೇಲೊಂದು ಬಿದ್ದ ಮೂರು ಏಟು.

ಆತನಲ್ಲಾದ ಬದಲನ್ನು ಮೊದಲು ಗುರುತಿಸಿದವಳು ನಮ್ಮ ಗೃಹಿಣಿ. ಅದೂ ಹಚ್ಚಿದ ಅವಲಕ್ಕಿಯ ಮೂಲಕ. ಸಂಜೆಯ ಹೊತ್ತಿಗೆ ಅವಲಕ್ಕಿಯ ಡಬ್ಬಿಯನ್ನು ತಾನೇ ಹುಡುಕಿ ತೆಗೆಯುತ್ತಿದ್ದ ಹುಡುಗನು ಮುಂದಿಟ್ಟ ತಟ್ಟೆಯನ್ನೂ ಮುಟ್ಟದಾದನು. ‘ಹಸಿವಿಲ್ಲ ಅಂತಲ್ರೀ, ಅವಂಗ ರುಚೀನೇ ಹತ್ತವಲ್ದು’ ಎಂದು ಅವಳು ನಮಗೆ ಹೇಳಿದಳು. ಆ ಮೇಲೆ ನಾವೂ ಲಕ್ಷ್ಯವಿಟ್ಟು ನೋಡತೊಡಗಿದೆವು. ರಾತ್ರಿ ಎರಡಕ್ಕೂ ಅವನ ಕೋಣೆಯಲ್ಲಿ ದೀಪ. ಹಗಲು ಹನ್ನೊಂದಾದರೂ ಹಾಸಿಗೆ. ಗೆಳೆಯರ ಕರೆ ಬಂದರೆ ಮೊಬೈಲನ್ನು ಮಗುಚಿ ಇಡುವನು. ಯಾವ ಮಾತಿಗೂ ಎದುರಾಡದಿದ್ದವನು ಸಣ್ಣ ಮಾತಿಗೆ ಸಿಡುಕುವನು. ಹರೆಯದವರಲ್ಲಿ ಖಿನ್ನತೆಯು ಅಳುವಾಗಿಯಲ್ಲ, ಸಿಟ್ಟಾಗಿ ತೋರಿಕೊಳ್ಳುವುದು ಹೆಚ್ಚೆಂಬುದನ್ನು ಮುಂದೆ ವೈದ್ಯರಿಂದ ತಿಳಿದೆವು. ನಮ್ಮನ್ನು ನಿಜವಾಗಿ ನಡುಗಿಸಿದುದು ಬೇರೊಂದು. ತನ್ನ ಕ್ರಿಕೆಟ್ ಬ್ಯಾಟನ್ನೂ ಕೇರಂ ಬೋರ್ಡನ್ನೂ ಅವನು ಎದುರು ಮನೆಯ ಹುಡುಗನಿಗೆ ಕೊಟ್ಟುಬಿಟ್ಟಿದ್ದನು. ಕೇಳಿದರೆ, ‘ನನಗಿನ್ನ ಯಾಕ ಬೇಕು, ಮಾಮಾ?’ ಎಂದನು.

ಆಗ ನಾವು ಸಹಾಯವನ್ನು ಹುಡುಕಲು ಹೊರಟೆವು. ಹೊರಟಾಗ ತಿಳಿದ ಸಂಗತಿ ಎಂದರೆ, ಸಹಾಯವೂ ಸಾಲೆಯ ಪಂಚಾಂಗವನ್ನೇ ಅನುಸರಿಸುವುದು. ಊರಿನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಆಪ್ತಸಮಾಲೋಚನೆಗೆಂದೇ ಒಬ್ಬರನ್ನು ನೇಮಿಸಿರುವರೆಂದು ಕೇಳಿ ವಿಚಾರಿಸಿದರೆ, ‘ಮೇಡಂ ಸೂಟಿಯೊಳಗ ಊರಿಗೆ ಹೋಗ್ಯಾರ್ರೀ, ಜೂನದಾಗ ಬರ್ರಿ’ ಎಂಬ ಉತ್ತರ ಬಂದಿತು. ಹುಡುಗನ ಮೆಚ್ಚಿನ ಮಾಸ್ತರರನ್ನು ಕಾಣಬೇಕೆಂದರೆ, ಮೇ ೭ರ ಲೋಕಸಭಾ ಮತದಾನದ ಕೆಲಸಕ್ಕಾಗಿ ಅವರನ್ನು ತರಬೇತಿಗೆ ಕರೆದೊಯ್ದಿದ್ದರು. ಹುಬ್ಬಳ್ಳಿಯ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಹದಿನೈದು ದಿನಗಳಾಚೆಯ ವೇಳೆ ಕೊಟ್ಟರು. ಕಾಲಿಗೆ ಮುಳ್ಳು ನೆಟ್ಟರೆ ಜೂನ್ ತಿಂಗಳಲ್ಲಿ ಬನ್ನಿರೆಂದು ಯಾರೂ ಹೇಳುವುದಿಲ್ಲ. ಸಾಲೆಗಳಿಗೆ ಸೂಟಿ ಬೇಕು, ಸಮಾಲೋಚಕರಿಗೂ ಬೇಕು. ಅದರಲ್ಲಿ ನಮ್ಮ ತಕರಾರಿಲ್ಲ. ಹೋಗುವ ಮುನ್ನ ಬಾಗಿಲಿಗೊಂದು ಚೀಟಿ ಹಚ್ಚಿ, ಈ ಎರಡು ತಿಂಗಳು ಯಾರಲ್ಲಿಗೆ ಹೋಗಬೇಕೆಂದು ಬರೆದಿಟ್ಟರೆ ಸಾಕಾಗಿತ್ತು.

ಈ ನಡುವೆ ನೆಂಟರ ಉಪದೇಶಗಳಿಗೆ ಮಾತ್ರ ಬರವಿರಲಿಲ್ಲ. ಒಬ್ಬರು ಜಾತಕ ತೋರಿಸಿರೆಂದರು. ಒಬ್ಬರು ಅಂತ್ರ ಕಟ್ಟಿಸಿರೆಂದರು. ಮತ್ತೊಬ್ಬರು ಹುಬ್ಬಳ್ಳಿಯ ಸಿದ್ಧಾರೂಢರ ಮಠಕ್ಕೆ ಕರೆದುಕೊಂಡು ಹೋಗಿ ಒಂದು ರಾತ್ರಿ ಇರಿಸಿರೆಂದರು. ಮಠಕ್ಕೆ ಹೋಗುವುದರಲ್ಲಿ ನಮಗೆ ಅಡ್ಡಿ ಕಾಣಲಿಲ್ಲ, ಹೋಗಿಯೂ ಬಂದೆವು. ಅಲ್ಲಿಯ ಶಾಂತಿಯಲ್ಲಿ ಹುಡುಗನು ಒಂದು ಗಳಿಗೆ ಕಣ್ಣು ಮುಚ್ಚಿ ಕುಳಿತುದನ್ನು ಕಂಡು ನಮಗೂ ಸಮಾಧಾನವಾಯಿತು. ಜ್ವರ ಬಂದ ಮಗುವಿಗಾಗಿ ದೇವರಿಗೆ ಹರಕೆ ಹೊರುವ ತಾಯಿ ಡಾಕ್ಟರರನ್ನೂ ಕರೆಸುವಳು. ಒಂದು ಇನ್ನೊಂದನ್ನು ಬೇಡವೆನ್ನುವುದಿಲ್ಲ. ಮನಸ್ಸಿನ ಬೇನೆಯ ವಿಷಯದಲ್ಲಷ್ಟೇ ನಮ್ಮ ಜನರು ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವರು.

ಮತದಾನದ ಮರುದಿನ ರಾತ್ರಿ ಹನ್ನೊಂದರ ಸುಮಾರಿಗೆ ಹುಡುಗನು ಮಾಳಿಗೆಯ ಮೇಲೆ ಒಬ್ಬನೇ ಕುಳಿತಿದ್ದನು. ನಮ್ಮ ಗೃಹಿಣಿ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಮೇಲೆ ಹೋದಳು. ಹಿಂದೆಯೇ ನಾವೂ ಹೋದೆವು. ಅವನ ಮಗ್ಗುಲಲ್ಲಿ ಕುಳಿತು, ಸ್ವಲ್ಪ ಹೊತ್ತು ಸುಮ್ಮನಿದ್ದು, ಅವಳು ಕೇಳಿದಳು: ‘ತಮ್ಮಾ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ. ಬದುಕೋದು ಸಾಕು ಅನಸ್ತದೇನು ನಿನಗ?’ ಬಹಳ ಹೊತ್ತಿನವರೆಗೆ ಉತ್ತರವಿಲ್ಲ. ಆಮೇಲೆ, ‘ಒಮ್ಮೊಮ್ಮೆ ಅನಸ್ತದ, ಮಾಮಿ’ ಎಂದನು. ಎಂದವನೇ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತನು. ಇಂಥ ಪ್ರಶ್ನೆಯನ್ನು ಕೇಳಿದರೆ ಇಲ್ಲದ ವಿಚಾರವನ್ನು ತಲೆಯಲ್ಲಿ ಬಿತ್ತಿದಂತಾದೀತೆಂದು ಹಲವರು ಅಂಜುವರು. ಬಲ್ಲ ವೈದ್ಯರ ಅಭಿಪ್ರಾಯವು ಇದಕ್ಕೆ ವಿರುದ್ಧವಾಗಿದೆ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಒಳಗೇ ಬಚ್ಚಿಟ್ಟುಕೊಂಡವನಿಗೆ ಹೇಳಲು ದಾರಿಯಾಗುವುದು. ಆ ರಾತ್ರಿ ನಾವು ಅದನ್ನು ಕಣ್ಣಾರೆ ಕಂಡೆವು.

ಕಾಲೇಜು ಮುಚ್ಚಿದೆ, ಚಿಕಿತ್ಸಾಲಯ ಮುಚ್ಚಿದೆ, ಹೊತ್ತು ಮಧ್ಯರಾತ್ರಿಯಾಗುತ್ತಿದೆ, ಏನು ಮಾಡುವುದು? ವೃತ್ತಪತ್ರಿಕೆಯಲ್ಲಿ ಎಂದೋ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದ ೧೪೪೧೬ ಎಂಬ ಅಂಕಿಗೆ ನಾವು ದೂರವಾಣಿ ಮಾಡಿದೆವು. ಇದು ‘ಟೆಲಿ-ಮಾನಸ್’ ಎಂಬ ಸರಕಾರೀ ಸಹಾಯವಾಣಿ. ೨೦೨೨ರ ಅಕ್ಟೋಬರ್ ೧೦ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ಇದನ್ನು ಆರಂಭಿಸಿದರು. ಹಗಲು ರಾತ್ರಿಯೆನ್ನದೆ, ಹಬ್ಬ ಸೂಟಿಯೆನ್ನದೆ ನಡೆಯುವುದು, ದುಡ್ಡು ಬೀಳುವುದಿಲ್ಲ, ಮೊದಲಿಗೆ ಭಾಷೆಯನ್ನು ಆರಿಸಿಕೊಳ್ಳಲು ಹೇಳುವರು, ಅದರಲ್ಲಿ ಕನ್ನಡವೂ ಉಂಟು. ಎರಡು ವರ್ಷಗಳೊಳಗಾಗಿ ದೇಶದಲ್ಲೆಲ್ಲ ಹತ್ತು ಲಕ್ಷಕ್ಕೂ ಮಿಕ್ಕಿ ಕರೆಗಳು ಇದಕ್ಕೆ ಬಂದುವೆಂದರೆ, ನಡುರಾತ್ರಿಯಲ್ಲಿ ಎಷ್ಟು ಮನೆಗಳ ದೀಪ ಉರಿಯುತ್ತಿರಬಹುದೆಂದು ವಾಚಕರೇ ಊಹಿಸಬಹುದು.

ಆ ಕಡೆಯಿಂದ ಕನ್ನಡ ಮಾತನಾಡುವ ಹೆಣ್ಣುಮಗಳೊಬ್ಬಳ ದನಿ ಕೇಳಿಬಂದಿತು. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲವೆಂದು ಮೊದಲೇ ತಿಳಿಸಿದಳು. ನಮ್ಮೊಡನೆ ಎರಡು ಮಾತಾಡಿ, ಹುಡುಗನ ಕೈಯಲ್ಲಿ ಮೊಬೈಲು ಕೊಡಿಸಿ ನಮ್ಮನ್ನು ದೂರ ಕಳಿಸಿದಳು. ಅರ್ಧ ಗಂಟೆಯ ಮೇಲೆ ಮತ್ತೆ ನಮ್ಮನ್ನು ಕರೆಸಿ, ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡಬಾರದು, ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಬೀಗದೊಳಗಿಡಬೇಕು, ಬೆಳಗಾದೊಡನೆ ಮನೋವೈದ್ಯರಿಗೆ ತೋರಿಸಬೇಕು ಎಂದು ಬಿಡಿಸಿ ಹೇಳಿದಳು. ಹೊಲಮನೆ ಉಳ್ಳ ವಾಚಕರಿಗೆ ಇಲ್ಲೊಂದು ಮಾತು. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳು ನಮ್ಮ ಹಳ್ಳಿಗಳಲ್ಲಿ ಪಡಸಾಲೆಯ ಮೂಲೆಯಲ್ಲಿಯೇ ಬಿದ್ದಿರುವವು. ಅವುಗಳಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಕೀಲಿ, ಆ ಕೀಲಿ ಹಿರಿಯರ ಸೊಂಟದಲ್ಲಿ—ಇಷ್ಟು ಮಾಡುವುದು ಕಷ್ಟವಲ್ಲ. ದುಡುಕಿನ ಗಳಿಗೆಯು ಬಹಳ ಹೊತ್ತು ನಿಲ್ಲುವಂಥದಲ್ಲ. ಅದು ದಾಟುವವರೆಗೆ ಕೈಗೆ ಏನೂ ಸಿಗದಿದ್ದರೆ ಜೀವವು ಉಳಿಯುವುದೆಂಬುದನ್ನು ಹಲವು ದೇಶಗಳ ಅನುಭವವು ತೋರಿಸಿಕೊಟ್ಟಿದೆ.

ಅದೇ ರಾತ್ರಿ ತಂಗಿಗೂ ಸುದ್ದಿ ಮುಟ್ಟಿಸಿದೆವು. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದಳು. ಧಾರವಾಡದ ಸರಕಾರೀ ದವಾಖಾನೆಗೆ ಹೋಗೋಣವೆಂದು ಹೇಳಿದೊಡನೆ ಅವಳ ಮುಖ ಬಾಡಿತು. ‘ಅಲ್ಲಿಗೇನಣ್ಣಾ? ಹುಚ್ಚರ ದವಾಖಾನಿಗೆ? ನಾಳೆ ಊರಾಗ ಏನಂದಾರು?’ ಅವಳನ್ನು ತಪ್ಪುಗಾರಳೆನ್ನಲು ಬರುವಂತಿಲ್ಲ. ನಮ್ಮ ಸೀಮೆಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂದು ನಗುವುದು ತಲೆಮಾರುಗಳಿಂದ ನಡೆದುಬಂದಿದೆ. ಊರಿನ ಹೆಸರೇ ಬೈಗುಳವಾದ ಮೇಲೆ, ಆ ಊರಿನ ಆಸ್ಪತ್ರೆಯ ಮೆಟ್ಟಿಲು ಹತ್ತಲು ಯಾರ ಕಾಲು ಮುಂದಾಗುವುದು?

ಬೆಳಗಾವಿ ರಸ್ತೆಯಲ್ಲಿರುವ ಈ ಆಸ್ಪತ್ರೆಯ ಚರಿತ್ರೆ ಸಣ್ಣದಲ್ಲ. ಧಾರವಾಡವು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, ೧೮೪೫ರಲ್ಲಿ, ಆಂಗ್ಲ ಸರಕಾರವು ಇದನ್ನು ಸ್ಥಾಪಿಸಿತು. ಊರಿಗೆ ಇನ್ನೂ ಉಗಿಬಂಡಿ ಬಂದಿರಲಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದು ೧೮೯೦ರಲ್ಲಿ, ಕರ್ನಾಟಕ ಕಾಲೇಜು ೧೯೧೭ರಲ್ಲಿ, ವಿಶ್ವವಿದ್ಯಾಲಯವು ೧೯೪೯ರಲ್ಲಿ. ಇವೆಲ್ಲಕ್ಕಿಂತ ಹಿರಿದಾದ ಈ ಸಂಸ್ಥೆಯನ್ನು ಊರಿನ ಹೊಗಳಿಕೆಯಲ್ಲಿ ಯಾರೂ ಎಣಿಸುವುದಿಲ್ಲ. ಜನರ ಅಂಜಿಕೆಗೆ ಕಾರಣವಿಲ್ಲವೆಂದಲ್ಲ. ೧೯೧೨ರ ಕಾಯಿದೆಯ ಹೆಸರಿನಲ್ಲಿಯೇ ಹುಚ್ಚೆಂಬ ಶಬ್ದವಿದ್ದಿತು; ನ್ಯಾಯಾಧೀಶರ ಅಪ್ಪಣೆಯ ಮೇಲೆ ಜನರನ್ನು ಒಳಗಿಡುತ್ತಿದ್ದ ಆ ಕಾಲದಲ್ಲಿ ಆಸ್ಪತ್ರೆಗೂ ಸೆರೆಮನೆಗೂ ಬಹಳ ದೂರವಿರಲಿಲ್ಲ. ಆ ಕಾಯಿದೆ ೧೯೮೭ರಲ್ಲಿ ಬದಲಾಯಿತು. ಅದೂ ಹೋಗಿ ೨೦೧೭ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಬಂದು, ೨೦೧೮ರ ಮೇ ೨೯ರಿಂದ ಜಾರಿಯಲ್ಲಿದೆ. ಈಗ ಚಿಕಿತ್ಸೆ ಪಡೆಯುವುದು ರೋಗಿಯ ಹಕ್ಕು. ಅವನ ವಿಷಯವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ. ಜೀವ ಕಳೆದುಕೊಳ್ಳಲೆತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಸಿಕ್ಕವನೆಂದು ಗಣಿಸಿ ಆರೈಕೆ ಮಾಡತಕ್ಕದ್ದು, ಶಿಕ್ಷಿಸತಕ್ಕದ್ದಲ್ಲ. ಸಂಸ್ಥೆಯ ಹೆಸರೂ ಈಗ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಜನರು ಡಿಮ್ಹಾನ್ಸ್ ಎನ್ನುವರು. ನಮ್ಮ ಬೈಗುಳ ಮಾತ್ರ ಹಿಂದಿನ ಕಾಯಿದೆಯಲ್ಲಿಯೇ ನಿಂತಿದೆ.

ತಂಗಿಗೆ ನಾವು ಈ ಚರಿತ್ರೆಯನ್ನೆಲ್ಲ ಹೇಳಲಿಲ್ಲ. ‘ಜೀವ ದೊಡ್ಡದೋ, ಮಂದಿ ಮಾತು ದೊಡ್ಡದೋ, ನೀನs ಹೇಳವಾ’ ಎಂದು ನಮ್ಮ ಗೃಹಿಣಿ ಕೇಳಿದಳು. ಅಷ್ಟಕ್ಕೆ ಅವಳು ಸೆರಗಿನಿಂದ ಕಣ್ಣೊರಸಿಕೊಂಡು ರಿಕ್ಷಾ ಹತ್ತಿದಳು.

ಹೊರರೋಗಿಗಳ ವಿಭಾಗದಲ್ಲಿ ಕೇಸ್ ಪೇಪರು ಮಾಡಿಸಿ ಕುಳಿತೆವು. ಸುತ್ತಲೂ ಕುಳಿತವರನ್ನು ನೋಡಿ ತಂಗಿಗೆ ಆಶ್ಚರ್ಯವಾಯಿತು. ಮಗುವನ್ನು ಎತ್ತಿಕೊಂಡ ಬಾಣಂತಿ, ತಲೆನೋವಿನ ಮುದುಕರು, ಇಸ್ತ್ರಿಯ ಅಂಗಿ ತೊಟ್ಟ ಗುಮಾಸ್ತರು, ನಮ್ಮ ಹುಡುಗನ ವಯಸ್ಸಿನವರೇ ಇಬ್ಬರು ಮೂವರು. ‘ಎಲ್ಲಾರೂ ನಮ್ಮಂಥವರs ಇದ್ದಾರಲ್ಲ, ಅಣ್ಣಾ!’ ಎಂದಳು. ವೈದ್ಯರು ಮೊದಲು ಹುಡುಗನೊಡನೆ ಒಂಟಿಯಾಗಿ ಮಾತಾಡಿದರು. ಅವನಿಗಿನ್ನೂ ಹದಿನೆಂಟು ತುಂಬಿರಲಿಲ್ಲವಾದುದರಿಂದ ತಾಯಿಯ ಒಪ್ಪಿಗೆಯನ್ನು ಕೇಳಿದರು. ತಂಗಿಯನ್ನು ಕರೆಸಿದುದು ಇದಕ್ಕೂ ಒದಗಿತು. ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವ ಅಗತ್ಯ ಕಾಣುವುದಿಲ್ಲ, ಮನೆಯಲ್ಲಿ ಕಣ್ಣಿಟ್ಟು ನೋಡಿಕೊಂಡರೆ ಸಾಕು ಎಂದು ಹೇಳಿ, ಒಂದು ಗುಳಿಗೆ ಬರೆದುಕೊಟ್ಟು, ವಾರ ಬಿಟ್ಟು ಬರಲು ತಿಳಿಸಿದರು. ಮಾತಿನ ಚಿಕಿತ್ಸೆಗಾಗಿ ಮನಶ್ಶಾಸ್ತ್ರಜ್ಞರೊಬ್ಬರ ಹತ್ತಿರ ಬೇರೆ ದಿನ ಗೊತ್ತುಮಾಡಿದರು.

ಈ ಗುಳಿಗೆಗಳ ವಿಷಯವಾಗಿ ಜನರಲ್ಲಿರುವ ತಪ್ಪು ತಿಳಿವಳಿಕೆಗೆ ಲೆಕ್ಕವಿಲ್ಲ. ಚಟ ಹತ್ತುವುದೆನ್ನುವರು, ಬುದ್ಧಿ ಮಂಕಾಗುವುದೆನ್ನುವರು. ಖಿನ್ನತೆಗೆ ಕೊಡುವ ಔಷಧಗಳು ಸೆರೆ ಸಿಂದಿಯಂತೆ ಚಟ ಹತ್ತಿಸುವಂಥವಲ್ಲ. ಆದರೆ ಅವುಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುವುದು. ‘ಎಂಟು ದಿನ ತಗೊಂಡ, ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರೇ ಹೆಚ್ಚು. ಗುಣವಾದ ಮೇಲೂ ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕೇ ಹೊರತು ಒಮ್ಮೆಲೇ ಬಿಡಬಾರದು. ಎಳೆಯ ವಯಸ್ಸಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ ಹೆಚ್ಚಾಗುವುದುಂಟಾದ್ದರಿಂದ ಆಗಲೇ ಮನೆಯವರು ಹೆಚ್ಚು ಎಚ್ಚರದಿಂದಿರಬೇಕು. ನಮ್ಮ ಗೃಹಿಣಿ ಗುಳಿಗೆಯ ಪೊಟ್ಟಣವನ್ನು ತನ್ನ ಕಪಾಟಿನಲ್ಲಿಯೇ ಇಟ್ಟುಕೊಂಡು, ದಿನಾಲು ರಾತ್ರಿ ಊಟವಾದ ಮೇಲೆ ಒಂದನ್ನು ಅವನ ಕೈಯಲ್ಲಿಡುತ್ತಿದ್ದಳು.

ಮನೆಯಲ್ಲಿ ಮಾಡಬೇಕೆಂದು ವೈದ್ಯರು ಹೇಳಿದ ಕೆಲಸಗಳು ತೀರ ಸಾಮಾನ್ಯವಾದವು. ಹೊತ್ತಿಗೆ ಸರಿಯಾಗಿ ಎಬ್ಬಿಸುವುದು. ಬಿಸಿಲು ಏರುವ ಮುನ್ನ ಒಂದಷ್ಟು ದೂರ ನಡೆಸುವುದು. ರಾತ್ರಿ ಮೊಬೈಲನ್ನು ಹೊರಗಿನ ಕೋಣೆಯಲ್ಲಿಡಿಸುವುದು. ನಾವು ದಿನಾಲು ನಸುಕಿನಲ್ಲಿ ಅವನೊಡನೆ ಕೆಲಗೇರಿ ಕೆರೆಯ ಕಡೆಗೆ ಹೋಗತೊಡಗಿದೆವು. ಮೊದಲ ವಾರ ಅವನು ಒಂದು ಮಾತೂ ಆಡಲಿಲ್ಲ, ನಾವೂ ಆಡಲಿಲ್ಲ. ಎರಡನೆಯ ವಾರ, ತಾನು ಡಾಕ್ಟರನಾಗಬೇಕೆಂಬುದು ಅಪ್ಪನ ಆಸೆ, ತನ್ನದಲ್ಲ ಎಂಬ ಮಾತು ಹೊರಬಿದ್ದಿತು. ಆ ಮಾತನ್ನು ಭಾವನವರಿಗೆ ತಿಳಿಸಲು ನಾವೇ ನವಲಗುಂದಕ್ಕೆ ಹೋಗಬೇಕಾಯಿತು. ಅಲ್ಲಿ ನಡೆದುದನ್ನೆಲ್ಲ ಬರೆದರೆ ಅದೇ ಒಂದು ಲೇಖನವಾದೀತು. ಒಟ್ಟಿನಲ್ಲಿ ಭಾವನವರು ಎರಡು ದಿನ ನಮ್ಮೊಡನೆ ಮಾತು ಬಿಟ್ಟರು. ಮೂರನೆಯ ದಿನ ಮಗನನ್ನು ನೋಡಲು ಬಂದರು. ಬರುವಾಗ ಹೊಲದ ಹೆಸರಕಾಳಿನ ಚೀಲವೊಂದನ್ನು ತಂದರು, ಅಂಕಗಳ ಮಾತೆತ್ತಲಿಲ್ಲ.

ಇದು ನಮ್ಮದೊಂದೇ ಮನೆಯ ಕತೆಯಲ್ಲ. ಮನೋರೋಗಗಳಲ್ಲಿ ಅರ್ಧದಷ್ಟು ೧೪ನೆಯ ವಯಸ್ಸಿನೊಳಗೆ ಮೊಳೆಯುವುವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವರು. ನಿಮ್ಹಾನ್ಸ್‌ನವರು ೨೦೧೫-೧೬ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ೧೩ರಿಂದ ೧೭ ವರ್ಷದವರ ಪೈಕಿ ಶೇಕಡಾ ೭.೩ರಷ್ಟು ಜನರಲ್ಲಿ ಇಂಥ ತೊಂದರೆ ಕಂಡುಬಂದಿತು. ಎಂದರೆ ಅರವತ್ತು ಮಕ್ಕಳಿರುವ ವರ್ಗದಲ್ಲಿ ನಾಲ್ವರು. ಸಹಾಯವನ್ನು ಜನರ ಬಾಗಿಲಿಗೆ ಒಯ್ಯುವ ಕೆಲಸದಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲವೆಂಬುದನ್ನೂ ಹೇಳಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ೧೯೯೬ರಿಂದ ದೇಶದಲ್ಲೆಲ್ಲ ಹಬ್ಬಿದ ಯೋಜನೆಯ ಮಾದರಿಯನ್ನು ಮೊದಲು ನಡೆಸಿ ನೋಡಿದುದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, ೧೯೮೦ರ ದಶಕದಲ್ಲಿ. ಹುಬ್ಬಳ್ಳಿಯವರಿಗೆ ವಿದ್ಯಾನಗರದಲ್ಲಿ, ಜನರು ಕಿಮ್ಸ್ ಎಂದು ಕರೆಯುವ ಸರಕಾರೀ ಆಸ್ಪತ್ರೆಯಲ್ಲಿಯೇ ಮನೋವೈದ್ಯ ವಿಭಾಗವಿದೆ. ಅದರ ತುರ್ತು ವಿಭಾಗಕ್ಕೆ ಸೂಟಿಯೆಂಬುದಿಲ್ಲ. ಹದಿನೆಂಟರೊಳಗಿನ ಮಕ್ಕಳು ಮನೆಯಲ್ಲಿಯೇ ಹಿಂಸೆಗೊಳಗಾಗಿದ್ದರೆ ೧೦೯೮ಕ್ಕೆ ತಿಳಿಸಬಹುದು. ಸೂಟಿಯು ಎಲ್ಲ ಮಕ್ಕಳಿಗೂ ಅಜ್ಜಿಯ ಮನೆಯಲ್ಲ. ಸಾಲೆಯೇ ಆಸರೆಯಾಗಿದ್ದ ಮಕ್ಕಳೂ ಇರುವರು.

ನಮ್ಮ ಹುಡುಗನಿಗೆ ಗುಳಿಗೆಗಳನ್ನು ನಿಲ್ಲಿಸಿದುದು ಬಹು ದಿನಗಳ ಮೇಲೆ. ಆ ವರ್ಷ ಅವನು ಡಾಕ್ಟರಕಿಗೂ ಹೋಗಲಿಲ್ಲ, ಇಂಜಿನಿಯರಿಂಗಿಗೂ ಹೋಗಲಿಲ್ಲ, ಬಿ.ಎಸ್‌ಸಿ.ಗೆ ಸೇರಿದನು. ಎದುರು ಮನೆಯ ಹುಡುಗನು ಕೇರಂ ಬೋರ್ಡನ್ನು ತಾನಾಗಿಯೇ ತಂದುಕೊಟ್ಟನು. ಬ್ಯಾಟನ್ನು ಮಾತ್ರ ಕೊಡಲಿಲ್ಲ. ಅದರ ಬಗ್ಗೆ ಇಬ್ಬರಲ್ಲಿಯೂ ಇಂದಿಗೂ ವಾದವುಂಟು.

ಅವನ ದೆಸೆಯಿಂದ ನಮಗೆ ಸಪ್ತಾಪುರದ ಪರಿಚಯವಾಯಿತು. ಧಾರವಾಡದ ಆ ಓಣಿಗಳಲ್ಲಿ ಪೋಲೀಸು, ಪಿಡಿಓ, ಕೆಎಎಸ್ ಮೊದಲಾದ ಪರೀಕ್ಷೆಗಳಿಗೆ ತಯಾರಾಗುವ ತರುಣ ತರುಣಿಯರು ವಿಜಯಪುರ, ಬಾಗಲಕೋಟೆ, ರಾಯಚೂರು, ಕೊಪ್ಪಳಗಳಿಂದ ಬಂದು ಸಣ್ಣ ಸಣ್ಣ ಕೋಣೆಗಳಲ್ಲಿ ವಾಸಿಸುವರು. ದಸರೆ ದೀಪಾವಳಿಗಳಿಗೆ ಕ್ಲಾಸುಗಳು ಮುಚ್ಚಿದರೂ ಅವರಲ್ಲಿ ಎಷ್ಟೋ ಜನರು ಊರಿಗೆ ಹೋಗರು. ನೌಕರಿ ಸಿಗದೆ ಯಾವ ಮುಖದಿಂದ ಹೋಗುವುದೆಂಬ ಸಂಕೋಚ. ಹೋಗಿ ಬರುವ ಬಸ್ಸಿನ ಖರ್ಚು ಬೇರೆ. ಎಲ್ಲರ ಮನೆಯಲ್ಲಿ ಹಣತೆ ಹಚ್ಚುವ ಹೊತ್ತಿಗೆ ಇವರು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿರುವರು. ಇವರ ಸುಖದುಃಖ ಕೇಳಲು ಮಾವನಿಲ್ಲ, ಮಾಮಿಯಿಲ್ಲ.

ಕಳೆದ ದೀಪಾವಳಿಯಲ್ಲಿ ಅಂಥ ಒಬ್ಬ ಗೆಳೆಯನನ್ನು ಮನೆಗೆ ಊಟಕ್ಕೆ ಕರೆಯಲು ನಮ್ಮ ಹುಡುಗನು ಹೊರಟನು. ನಾವೂ ಜೊತೆಗೆ ಹೋದೆವು. ಗೆಳೆಯನು ಕೋಣೆಯಲ್ಲಿರಲಿಲ್ಲ, ಕೆಳಗಿನ ಖಾನಾವಳಿಯಲ್ಲಿದ್ದನು. ಹಬ್ಬದ ದಿನವೂ ಅಲ್ಲಿ ಒಲೆ ಉರಿಯುತ್ತಿತ್ತು. ಸೂಟಿ ಮಾಡುವುದಿಲ್ಲವೇ ಎಂದು ನಾವು ಕೇಳಿದುದಕ್ಕೆ, ರೊಟ್ಟಿ ಬಡಿಯುತ್ತಿದ್ದ ಖಾನಾವಳಿಯ ಅವ್ವನು, ‘ಹಬ್ಬದಾಗ ಹೊಟ್ಟಿಗೆ ಸೂಟಿ ಐತೇನ್ರೀ?’ ಎಂದಳು. ಯಾರಾದರೂ ಎರಡು ಹೊತ್ತು ಊಟಕ್ಕೆ ಬಾರದಿದ್ದರೆ ಅವಳು ಮೂರನೆಯ ಹೊತ್ತಿಗೆ ಮೊಮ್ಮಗನನ್ನು ಅವರ ಕೋಣೆಗೆ ಓಡಿಸುವಳಂತೆ. ಬಾಗಿಲು ತೆಗೆಯುವವರೆಗೆ ಅವನು ಬಡಿಯುತ್ತಲೇ ಇರಬೇಕಂತೆ. ನಮ್ಮ ಹುಡುಗನು ಕಿಸೆಯಿಂದ ಪೆನ್ನು ತೆಗೆದು, ರೊಟ್ಟಿ-ಪಲ್ಯದ ದರ ಬರೆದ ಹಲಗೆಯ ಕೆಳಗೆ ಕಾಗದವೊಂದನ್ನು ಅಂಟಿಸಿ, ಅದರ ಮೇಲೆ ೧೪೪೧೬ ಎಂದು ದೊಡ್ಡದಾಗಿ ಬರೆದನು. ‘ಏನದು, ತಮ್ಮಾ?’ ಎಂದು ಅವ್ವನು ಕೇಳಿದಳು. ಅವನು ಒಲೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಎಲ್ಲವನ್ನೂ ಹೇಳತೊಡಗಿದನು.